ಪಟ್ಟಿ ಬಿಚ್ಚಿದ ಭಾನುವಾರ

ಅದ್ಭುತವೆಂಬುದು ಮನುಷ್ಯನ ಬುದ್ಧಿಯನ್ನು ಮೀರಿದ್ದು. ಅದರ ಮುಂದೆ ಪಂಡಿತನೂ ಪಾಮರನೂ ಒಂದೇ ರೀತಿ ತಲೆಬಾಗಬೇಕು. ನಾನು ಕಂಡ ಮಟ್ಟಿಗೆ ಅದಕ್ಕೆ ಬೇಕಾಗುವುದು ಸೋಪು ಹಾಕಿ ತೊಳೆದ ಮುಖ, ಕತ್ತರಿಸಿದ ರೆಪ್ಪೆಗೂದಲು, ಹಿಡಿತದಲ್ಲಿರುವ ಸಕ್ಕರೆ ಮತ್ತು ಮೇಜಿನ ಮೇಲೆ ಹದಿನೈದು ನಿಮಿಷ ಕೆಮ್ಮದೆ ಮಲಗಬಲ್ಲ ರೋಗಿ. ಇಷ್ಟಿದ್ದರೆ ಉಳಿದದ್ದನ್ನು ದೇವರೂ ನಮ್ಮ ಡಾಕ್ಟರಮ್ಮನೂ ನೋಡಿಕೊಳ್ಳುತ್ತಾರೆ.

ನಾನು ಚಳ್ಳಕೆರೆಯ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯಲ್ಲಿ ನೇತ್ರ ಸಹಾಯಕ. ಡಾಕ್ಟರಲ್ಲ. ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಹನ್ನೊಂದನೆಯವರು ಬಂದು "ಡಾಕ್ಟರಪ್ಪ" ಅನ್ನುತ್ತಾರೆ. ಅತ್ತ ಕುದಾಪುರದ ಹುಲ್ಲುಗಾವಲಿನಲ್ಲಿ ದೇಶದ ವಿಜ್ಞಾನಿಗಳು ಬೇಲಿಯೊಳಗೆ ಕೂತು ಆಕಾಶದ ಲೆಕ್ಕ ಹಾಕುತ್ತಿರುವಾಗ, ಇತ್ತ ನಾನು ಒಂದು ಟಾರ್ಚು ಹಿಡಿದು ತಾಲ್ಲೂಕಿನ ಮುದುಕರ ಕಣ್ಣೊಳಗೆ ಇಣುಕುತ್ತೇನೆ. ಎರಡೂ ವಿಜ್ಞಾನವೇ. ನನ್ನದಕ್ಕೆ ಬೇಲಿ ಇಲ್ಲ, ಅಷ್ಟೆ.

ಒಂದು ಮಂಗಳವಾರ ಮೊಳಕಾಲ್ಮುರಿನಲ್ಲಿ ನಮ್ಮ ಕಣ್ಣಿನ ಶಿಬಿರವಿತ್ತು. ಮೊಳಕಾಲ್ಮುರಿನ ಶಿಬಿರಕ್ಕೆ ನಾನು ಅಕ್ಷರದ ಪಟದ ಜೊತೆಗೆ ಇನ್ನೊಂದು ಸಾಮಾನು ಒಯ್ಯುತ್ತೇನೆ: ಬಿಳಿ ರಟ್ಟಿಗೆ ಸುತ್ತಿದ ಒಂದೆಳೆ ರೇಷ್ಮೆ. ಅಲ್ಲಿನ ಜನಕ್ಕೆ ಓದು ಬಂದರೂ ಬಾರದಿದ್ದರೂ ಎಳೆ ಗೊತ್ತು. "ಎಷ್ಟು ಸುತ್ತು ಐತೆ ಹೇಳ್ರಿ" ಎಂದರೆ ಎಣಿಸಿ ಹೇಳುತ್ತಾರೆ, ಇಲ್ಲವೇ ಕೈ ಚೆಲ್ಲುತ್ತಾರೆ. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಈ ಪರೀಕ್ಷೆಯ ಕರ್ತೃ ನಾನೇ ಎಂಬುದನ್ನು ವಿನಯದಿಂದ ದಾಖಲಿಸುತ್ತೇನೆ.

ಆ ದಿನ ರಟ್ಟು ನೋಡಿ, "ಎಳೆ ಎಲ್ಲೈತೆ ತೋರ್ಸಪ್ಪಾ ಮೊದಲು" ಎಂದದ್ದು ಅರವತ್ತು ದಾಟಿದ ಒಬ್ಬ ವಿಧವೆ. ಆಕೆ ನೇಯುವವಳಲ್ಲ, ನೇಯುವವರ ಮನೆಗೆ ಹೋಗಿ ಎಳೆ ಕೂಡಿಸುವವಳು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದೆಳೆಗಳ ಸಾಲು, ಮುಗಿಯಿತೆಂದರೆ ಅದರ ಕೊನೆಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ರೇಷ್ಮೆ ಜಾರುತ್ತದೆಂದು ಬೆರಳಿಗೆ ಒಲೆಯ ಬೂದಿ ಸೋಕಿಸಿಕೊಂಡು ಹೊಸೆಯುತ್ತಾರೆ. ಆಕೆಯ ಹೆಬ್ಬೆರಳೂ ತೋರುಬೆರಳೂ ಬೂದಿ ತಿಂದು ತಿಂದು ಸೀಸದ ಬಣ್ಣಕ್ಕೆ ತಿರುಗಿದ್ದವು. ವರ್ಷದಿಂದ ಯಾರೂ ಆಕೆಯನ್ನು ಕೆಲಸಕ್ಕೆ ಕರೆದಿರಲಿಲ್ಲ.

ಎಡಗಣ್ಣಿನಲ್ಲಿ ಪೊರೆ ಬಲಿತು ಹಾಲಿನಂತಾಗಿತ್ತು. ಮುಖದ ಮುಂದೆ ಕೈ ಆಡಿಸಿದರೆ ಆಡಿಸಿದ್ದು ತಿಳಿಯುತ್ತಿತ್ತು, ಎಷ್ಟು ಬೆರಳು ಎಂಬುದು ತಿಳಿಯುತ್ತಿರಲಿಲ್ಲ. ಬಲಗಣ್ಣಿನಲ್ಲಿ ಪೊರೆ ಇನ್ನೂ ಅರೆ ಬಲಿತಿತ್ತು. ಮನೆಯೊಳಗೆ ಓಡಾಡಲು ಸಾಕು, ಎಳೆಗೆ ಸಾಲದು. ಆಕೆಯ ಆಸ್ಪತ್ರೆ ಚೀಟಿಯ ಮೊದಲ ಪುಟದಲ್ಲಿ ಬರೆದೆ: "ಎಡಗಣ್ಣು: ಕೈ ಚಲನೆ ಮಾತ್ರ." ಕೆಳಗೆ ಸಹಿ ಹಾಕಿದೆ. ನನ್ನ ಸಹಿ ಅಂದವಾಗಿದೆ ಎಂಬ ಹೆಮ್ಮೆ ನನಗೆ ಮೊದಲಿನಿಂದಲೂ ಇತ್ತು. ಆಮೇಲೆ ಇಲ್ಲ.

"ಇನ್ನೊಂದು ವರ್ಸ ಹಿಂಗೇ ಕುಂತ್ರೆ ಬೆರಳು ಮರ್ತುಬಿಡ್ತಾವೆ ಡಾಕ್ಟರಪ್ಪ," ಎಂದಳು ಆಕೆ. "ಕಣ್ಣು ಹೋದ್ರೆ ಹೋಗ್ಲಿ ಅನ್ನಂಗಿಲ್ಲ ನಾಯನಾ. ಬೆರಳೂ ಹೋದ್ರೆ ಸೊಸೆ ಮನೇಲಿ ನಾನ್ಯಾರು?"

ಸೊಸೆ ಪಕ್ಕದಲ್ಲೇ ನಿಂತಿದ್ದಳು. "ಅತ್ತೇನೇ" ಎಂದಳು, ಬೇಸರವೇನೂ ಇಲ್ಲದೆ.

ಆಕೆಯನ್ನು ಶಿಬಿರಕ್ಕೆ ಕಳಿಸಿದವನು ನಮ್ಮ ಪಾಸ್ಟರ್. ಚಳ್ಳಕೆರೆಯಲ್ಲಿ ನಾನು ಹೋಗುವ ಸಣ್ಣ ಕ್ರೈಸ್ತ ಸಭೆಯನ್ನು ನಡೆಸುವವನು ಅವನೇ. ಮೊಳಕಾಲ್ಮುರಿನಲ್ಲಿ ತಗಡಿನ ಚಾವಣಿಯ ಒಂದು ಪ್ರಾರ್ಥನಾ ಮಂದಿರವನ್ನೂ ನೋಡಿಕೊಳ್ಳುತ್ತಿದ್ದ. ಆಕೆ ಗಂಡ ತೀರಿಹೋದ ಮೇಲೆ ಅಲ್ಲಿಗೆ ಬರತೊಡಗಿದವಳು. ಪಾಸ್ಟರನೂ ನಾನೂ ಒಂದೇ ಬೋರ್ಡಿಂಗ್ ಶಾಲೆಯ ಒಂದೇ ಬೆಂಚು. ನನ್ನ ಹೆಂಡತಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಾಗ ಹೊರಗಿನ ಬೆಂಚಿನ ಮೇಲೆ ಹನ್ನೊಂದು ದಿನವೂ ಕೂತವನು ಅವನೊಬ್ಬನೇ. ಅವಳು ಉಳಿದಳು. ಅದನ್ನು ಅವನು ಅದ್ಭುತವೆಂದ. ನಾನು ಒಪ್ಪಿದೆ, ಈಗಲೂ ಒಪ್ಪುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದನ್ನು ಓದಿದವರು ನನ್ನನ್ನು ನಾಸ್ತಿಕರ ಪಟ್ಟಿಗೆ ಸೇರಿಸಿಯಾರು.

ಶುಕ್ರವಾರ ಆಕೆ ಚಳ್ಳಕೆರೆಗೆ ಬಂದಳು. ಕಣ್ಣೀರಿನ ನಾಳಕ್ಕೆ ನೀರು ಹಾಯಿಸಿ ನೋಡಿದೆ, ಗಂಟಲಿಗೆ ಇಳಿಯಿತು, ಅಂದರೆ ಒಳಗೆ ಕೀವಿಲ್ಲ. ಸಕ್ಕರೆ, ರಕ್ತದೊತ್ತಡ ಸರಿ. ಗುಡ್ಡೆಯ ಬಾಗು ಅಳೆದು, ಉದ್ದ ಅಳೆದು, ಕೂರಿಸಬೇಕಾದ ಲೆನ್ಸಿನ ಶಕ್ತಿ ಲೆಕ್ಕ ಹಾಕಿದೆ: ಇಪ್ಪತ್ತೊಂದೂವರೆ. ಉಗುರು ಕತ್ತರಿಸಿದೆವು. ಬೆರಳಿನ ಬೂದಿಯ ಬಣ್ಣ ಬ್ರಷ್ಷಿಗೂ ಹೋಗಲಿಲ್ಲ. ಶನಿವಾರ ಬೆಳಿಗ್ಗೆ ಡಾಕ್ಟರಮ್ಮ ಸಣ್ಣ ಗಾಯ ಮಾಡಿ, ಪೊರೆ ಹೊರತೆಗೆದು, ಲೆನ್ಸ್ ಕೂರಿಸಿದರು. ಹೊಲಿಗೆ ಬೇಕಾಗಲಿಲ್ಲ. ಚೀಟಿಯ ಎರಡನೆಯ ಪುಟದಲ್ಲಿ ಇದೆಲ್ಲ ಇದೆ.

ಶನಿವಾರ ಸಂಜೆ ಪಾಸ್ಟರ್ ವಾರ್ಡಿಗೆ ಬಂದ. ಎಲ್ಲರಿಗೂ ಬಾಳೆಹಣ್ಣು ಹಂಚಿ, ಎಲ್ಲರಿಗಾಗಿಯೂ ಪ್ರಾರ್ಥಿಸಿ, ನನ್ನನ್ನು ಕಾರಿಡಾರಿಗೆ ಕರೆದ.

"ಲೇ, ನಾಳೆ ಮೊಳಕಾಲ್ಮುರಿನಲ್ಲಿ ಕೃತಜ್ಞತೆಯ ಆರಾಧನೆ ಇಟ್ಕಂಡೀನಿ. ಆ ಅವ್ವನ್ನ ನಿಮ್ಮ ಜೀಪಿನಲ್ಲೇ ಕರ್ಕಂಡು ಬಾ. ಪಟ್ಟಿ ಅಲ್ಲೇ ಬಿಚ್ಚಾನ."

ಪಟ್ಟಿಯನ್ನು ಬೆಳಿಗ್ಗೆ ಏಳಕ್ಕೆ ವಾರ್ಡಿನಲ್ಲಿ ಡಾಕ್ಟರಮ್ಮ ಬಿಚ್ಚುತ್ತಾರೆ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಅದರಲ್ಲಿ ಬದಲಾವಣೆ ಇಲ್ಲ ಎಂದೆ. ಹಾಗಾದರೆ ನೋಡಿಯಾದ ಮೇಲೆ ಮತ್ತೆ ಕಟ್ಟು ಎಂದ. ದಾರಿಯ ಧೂಳಿಗೆ ಹೇಗೂ ಕಟ್ಟಬೇಕಲ್ಲ ಎಂದ. ಸಭೆ ಕರಗುತ್ತಿದೆ ಎಂದ. ಪಕ್ಕದ ಜಿಲ್ಲೆಯಲ್ಲಿ ಒಂದು ದೊಡ್ಡ ಕೂಟವಂತೆ, ಅಲ್ಲಿ ವಾರಕ್ಕೆ ಮೂರು ಅದ್ಭುತಗಳಂತೆ, ತನ್ನ ಸಭೆಯ ಮನೆಯವರೇ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದಾರಂತೆ.

"ಅವ್ರ ಹತ್ರ ಅದ್ಭುತ ಐತೆ. ನನ್ನ ಹತ್ರ ಏನೈತೆ? ಪ್ರಸಂಗ ಐತೆ. ದೇವರು ಮಾಡಿದ್ದಕ್ಕೆ ಸ್ತೋತ್ರ ಹೇಳಕೂ ನಿನ್ನ ಪರ್ಮಿಷನ್ ಬೇಕೇನಲೇ?"

ನಾನು ಪ್ರತಿ ಶಿಬಿರದ ಕೊನೆಗೂ, ವೈದ್ಯರ ಕೈಯಲ್ಲಿ ಕೆಲಸ ಮಾಡುವವನು ದೇವರೇ ಎಂದು ಎರಡು ನಿಮಿಷ ಭಾಷಣ ಮಾಡುವವನು. ನನ್ನ ಭಾಷಣ ನನ್ನನ್ನೇ ಕಟ್ಟಿಹಾಕಿತು. ಒಪ್ಪಿದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. ಆ ಗಳಿಗೆಯನ್ನು ನಾನು ಸಾವಿರಾರು ಸಲ ನೋಡಿದ್ದೇನೆ. ಮೊದಲು ಹುಬ್ಬು ಏಳುತ್ತದೆ, ಆಮೇಲೆ ರೆಪ್ಪೆ, ಆಮೇಲೆ ಮನುಷ್ಯ ಎದುರಿನ ಗೋಡೆಯನ್ನು ನೋಡುತ್ತಾನೆ. ಗೋಡೆಯಲ್ಲಿ ಏನೂ ಇರುವುದಿಲ್ಲ. ಆದರೂ ಅದನ್ನೇ ನೋಡುತ್ತಾನೆ. ಆಗ ನಾನು ಉಪಕರಣದ ಹಿಂದೆ ಬಗ್ಗಿ, ಏನೋ ತಿರುಪು ಸರಿಪಡಿಸುವವನಂತೆ, ದೇವರಿಗೆ ಒಂದು ಮಾತು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಅದನ್ನು ಬಿಟ್ಟಿಲ್ಲ. ಅಲ್ಲಿ ಹಾರ್ಮೋನಿಯಂ ಇರುವುದಿಲ್ಲ. ಫಿನಾಯಿಲ್ ವಾಸನೆ ಇರುತ್ತದೆ.

ಆಕೆ ಗೋಡೆ ನೋಡಿದಳು, ಸೊಸೆಯನ್ನು ನೋಡಿದಳು. "ಏನೇ, ಇಷ್ಟು ಸೊರಗೀಯ" ಎಂದಳು. ಕನ್ನಡಕವಿಲ್ಲದೆ ಪಟದಲ್ಲಿ ಆರು ಬೈ ಹದಿನೆಂಟರ ಸಾಲು. ಆರು ಬೈ ಆರು ಎಂದರೆ ಪೂರ್ಣ ದೃಷ್ಟಿ; ಮೊದಲ ದಿನಕ್ಕೆ ಇದು ಚೆನ್ನಾಗಿಯೇ ಆಯಿತು. ಕಣ್ಣು ಶುಭ್ರ. ಸೊಸೆಗೆ ಹನಿ ಹಾಕುವುದನ್ನು ಕಲಿಸಿದೆ: ಮೊದಲ ವಾರ ದಿನಕ್ಕೆ ಎಂಟು ಸಲ, ಆಮೇಲೆ ಇಳಿಸುತ್ತಾ ಆರು ವಾರ. ಕೈ ತೊಳೆದು ಹಾಕಬೇಕು. ಕಣ್ಣಿಗೆ ಕೈ ತಗಲಬಾರದು, ಒಲೆಯ ಹೊಗೆಗೆ ಕೂರಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು. ಎಳೆ ಕೂಡಿಸುವ ಕೆಲಸ ಒಂದೂವರೆ ತಿಂಗಳು ಬೇಡ. ಬೂದಿ ಎಂಬ ಪದವನ್ನು ನಾನು ಬಾಯಿಬಿಟ್ಟು ಹೇಳಿದೆನೇ ಇಲ್ಲವೇ ಎಂದು ಆಮೇಲೆ ಎಷ್ಟೋ ದಿನ ಯೋಚಿಸಿದ್ದೇನೆ. ಹೇಳಿರಲಿಲ್ಲ.

ಆಮೇಲೆ ಹೊಸ ಪಟ್ಟಿ ಕಟ್ಟಿದೆ. ಧೂಳಿಗಾಗಿ. ಮುಕ್ಕಾಲು ಪಾಲು ಧೂಳಿಗಾಗಿ.

ಮಂದಿರ ತುಂಬಿತ್ತು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಒಂದು ಹಾಡು, ಇನ್ನೊಂದು ಹಾಡು. ಪಾಸ್ಟರ್ ಆಕೆಯನ್ನು ಮುಂದಕ್ಕೆ ಕರೆದು ಕುರ್ಚಿಯಲ್ಲಿ ಕೂರಿಸಿದ. ಯೇಸುಸ್ವಾಮಿ ಹುಟ್ಟುಕುರುಡನ ಕಣ್ಣಿಗೆ ಮಣ್ಣು ಕಲಸಿ ಹಚ್ಚಿದ ಸಂಗತಿಯನ್ನು ಚೆನ್ನಾಗಿಯೇ ಹೇಳಿದ. ಅವನು ಒಳ್ಳೆಯ ಮಾತುಗಾರ. ಆಸ್ಪತ್ರೆಯ ಮಾತು ಈಗ ಬಂದೀತು, ಇನ್ನೇನು ಬಂದೀತು ಎಂದು ಕಾಯುತ್ತಿದ್ದೆ. ಬರಲಿಲ್ಲ. ಬದಲಿಗೆ ಅವನು ಜೇಬಿನಿಂದ ಒಂದು ಹಾಳೆ ತೆಗೆದ. ನಮ್ಮ ಆಸ್ಪತ್ರೆಯ ಚೀಟಿ. ಸೊಸೆಯ ಕೈಯಿಂದ ಇಸಿದುಕೊಂಡಿದ್ದನಂತೆ.

"ಇದು ನನ್ನ ಮಾತಲ್ಲ. ಆಸ್ಪತ್ರೆಯವ್ರೇ ಬರೆದದ್ದು. ಎಡಗಣ್ಣು, ಕೈ ಚಲನೆ ಮಾತ್ರ. ಸಹಿ ಐತೆ. ಸಹಿ ಹಾಕಿದವ್ರು ಇಲ್ಲೇ ನಮ್ಮ ಮಧ್ಯೆ ಕುಂತವ್ರೆ." ಎಲ್ಲರೂ ನನ್ನ ಕಡೆ ತಿರುಗಿದರು. "ಹೌದೋ ಅಲ್ವೋ?"

"ಹೌದು" ಎಂದೆ.

ನನ್ನ ಜೀವಮಾನದಲ್ಲಿ ಇಷ್ಟು ನಿಖರವಾದ ಸುಳ್ಳನ್ನು ನಾನು ಹೇಳಿದ್ದಿಲ್ಲ. ಓದಿದ ಸಾಲು ನನ್ನದೇ, ಸಹಿ ನನ್ನದೇ. ಅವನು ಹಾಳೆಯನ್ನು ತಿರುಗಿಸಲಿಲ್ಲ, ನಾನು ತಿರುಗಿಸು ಎನ್ನಲಿಲ್ಲ.

ಪಟ್ಟಿ ಬಿಚ್ಚಿದ. ಆಕೆ ಕಣ್ಣು ಬಿಟ್ಟು ಸುತ್ತ ನೋಡಿ, ಮೈಕಿನತ್ತ ಬಾಗಿ, "ಬೆಳಗ್ಗೇನೇ..." ಎಂದಳು. ಮೈಕು ಆಕೆಯ ಬಾಯಿಂದ ಸರಿದು ಪಾಸ್ಟರನ ಬಾಯಿಗೆ ಹೋಯಿತು. ಚಪ್ಪಾಳೆ, ಕೀಬೋರ್ಡು, ತಗಡಿನ ಚಾವಣಿ ಗಡಗಡ. ಆ ಭರದಲ್ಲೇ ಅವನು ಇನ್ನೊಂದು ಮಾತು ಹೇಳಿದ: "ಇನ್ನು ಈ ಕಣ್ಣಿಗೆ ಮನುಷ್ಯರ ಔಷಧಿ ಬೇಕಿಲ್ಲ. ಕೊಟ್ಟವನೇ ಕಾಯ್ತಾನೆ." ಮಾತಿನ ಓಘದಲ್ಲಿ ಬಂದ ಮಾತಿರಬೇಕು. ನಾನು ಅಷ್ಟರಲ್ಲಿ ಎದ್ದು ಹೊರಗೆ ಹೋಗಿ ಜೀಪಿನಲ್ಲಿ ಕೂತಿದ್ದೆ. ಆ ಮಾತು ಕಿವಿಗೆ ಬಿತ್ತು, ಅದರ ಪರಿಣಾಮ ಕಣ್ಣಿಗೆ ಬೀಳಲಿಲ್ಲ. ಆಮೇಲೆ ತಿಳಿದದ್ದು: ಆಕೆ ಎದ್ದು, ಸೊಸೆಯ ಕೈಲಿದ್ದ ಹನಿಯ ಬಾಟಲಿಗಳ ಚೀಲವನ್ನು ತೆಗೆದುಕೊಂಡು, ಕಾಣಿಕೆಯ ಮೇಜಿನ ಮೇಲೆ ಇಟ್ಟಿದ್ದಳು. ಅವನು ಅದನ್ನು ಹಿಂದಕ್ಕೆ ಕೊಡಲಿಲ್ಲ. ನಾನು ಮಾತ್ರ ಜೀಪಿನಲ್ಲಿ ಕೂತು, ಮೋಸಹೋದ ಮನುಷ್ಯನ ಘನತೆಯನ್ನು ಕಾಪಾಡಿಕೊಳ್ಳುತ್ತಿದ್ದೆ. ವಾಪಸು ದಾರಿಯಲ್ಲಿ ತಳಕು ದಾಟುವವರೆಗೂ ಕಾಪಾಡಿಕೊಂಡೆ. ರೋಗಿಯ ಕೈಗೆ ಔಷಧ ಸೇರಿದೆಯೇ ಎಂದು ನೋಡುವುದು ನನ್ನ ಕೆಲಸ. ಘನತೆಯ ಗಡಿಬಿಡಿಯಲ್ಲಿ ಅದನ್ನು ಮರೆತೆ.

ಗುರುವಾರ ಬೆಳಿಗ್ಗೆ ಸೊಸೆ ಫೋನ್ ಮಾಡಿದಳು. ದನಿ ಇಳಿಸಿ ಮಾತಾಡುತ್ತಿದ್ದಳು.

"ಸಾರ್, ಅತ್ತೆಗೆ ಎಡಗಣ್ಣು ನೋವು. ನೀರು ಸುರೀತೈತೆ. ರಾತ್ರಿಯೆಲ್ಲ ಮಲಗಿಲ್ಲ. ನಿಮಗೆ ಹೇಳ್ಬೇಡ ಅಂದವ್ರೆ."

"ಹನಿ ಹಾಕ್ತಾ ಇದೀಯಲ್ಲ ತಾಯಿ?"

ಆಗ ಎಲ್ಲ ಬಂತು. ಹನಿ ಹಾಕಿಲ್ಲ. ಮಂಗಳವಾರ ಒಬ್ಬ ನೇಕಾರ ಮದುವೆ ಸೀರೆಯ ಹಾಸು ತಡವಾಗಿದೆಯೆಂದು ಹೇಳಿಕಳಿಸಿದ್ದ. ಕಣ್ಣು ಬಂದ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತಲ್ಲ. ಬುಧವಾರ ಇಡೀ ದಿನ ಆಕೆ ಮಗ್ಗದ ಮುಂದೆ ಕೂತು ಎಳೆ ಕೂಡಿಸಿದ್ದಳು. ವರ್ಷದ ಮೇಲೆ ಕೂತವಳು, ಬೆರಳು ಮರೆತಿಲ್ಲವೆಂದು ನಗುನಗುತ್ತಾ ಬೂದಿ ಮುಟ್ಟಿ ಮುಟ್ಟಿ ಹೊಸೆದಿದ್ದಳು. ಕಣ್ಣು ತುರಿಸಿದಾಗ ಆ ಬೆರಳಲ್ಲೇ ಉಜ್ಜಿದ್ದಳು. ಸೊಸೆ ಬೇಡವೆಂದಾಗ ಆಕೆ ಹೇಳಿದ್ದು ಇಷ್ಟು: ಸ್ವಾಮಿ ಮಣ್ಣೇ ಹಚ್ಚಿದ್ರಂತೆ, ಬೂದಿಗೇನಾಗ್ತೈತೆ ಬಿಡು.

ಡಾಕ್ಟರಮ್ಮನಿಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಒಳಗೆ ಕೀವಾಗಿದ್ದರೆ ದಿನದ ಲೆಕ್ಕ ಅಲ್ಲ, ಗಂಟೆಯ ಲೆಕ್ಕ. ನೋಡಿ, ನೇರ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾನು ಅಲ್ಲಿಗೆ ಫೋನ್ ಮಾಡಿರುತ್ತೇನೆ," ಎಂದರು. ಜೀಪು ಹತ್ತಿದೆ.

ಆಕೆಯ ಮನೆಯಲ್ಲಿ ಪ್ರಾರ್ಥನೆ ನಡೆದಿತ್ತು. ಏಳೆಂಟು ಹೆಂಗಸರು ಚಾಪೆಯ ಮೇಲೆ, ನಡುವೆ ಆಕೆ, ಎದುರಿಗೆ ಪಾಸ್ಟರ್. ಆಕೆಯ ಎಡ ರೆಪ್ಪೆ ಊದಿ ಮುಚ್ಚಿಕೊಂಡಿತ್ತು. ಟಾರ್ಚು ತೆಗೆದೆ. ಆಕೆ ಕೈ ಅಡ್ಡ ಹಿಡಿದಳು.

"ಮುಟ್ಟಬ್ಯಾಡ ಡಾಕ್ಟರಪ್ಪ. ಎಲ್ರ ಮುಂದೆ ಆದ ಮಾತದು. ಅದಕ್ಕೆ ವಿರುದ್ಧ ಹೋದ್ರೆ ಸ್ವಾಮಿ ಕೊಟ್ಟಿದ್ದು ವಾಪಸ್ ತಗಂತಾನೆ."

ಬರಿಯ ನೋಡುತ್ತೇನೆ, ಮುಟ್ಟುವುದಿಲ್ಲ ಎಂದು ಬಗ್ಗಿದೆ. ಆಕೆ ತಾನಾಗಿಯೇ ರೆಪ್ಪೆಯನ್ನು ಸ್ವಲ್ಪ ಬಿಡಿಸಿದಳು. ಕಣ್ಣು ಕೆಂಡದಂತಿತ್ತು. ಕಪ್ಪು ಗುಡ್ಡೆಯ ಕೆಳಗಡೆ, ಒಳಗೆ, ಲೋಟದ ತಳದಲ್ಲಿ ನಿಂತ ಹಾಲಿನಂತೆ ಬಿಳಿ ಗೆರೆ. ಕೀವು. ಎಷ್ಟು ಬೆರಳು ಎಂದು ಕೇಳಿದೆ. ಬೆರಳು ಕಾಣಲಿಲ್ಲ. ಕೈ ಆಡಿಸಿದೆ. ತಿಳಿಯಿತು. ಮಂಗಳವಾರದ ಶಿಬಿರದಲ್ಲಿ ನಾವು ಎಲ್ಲಿಂದ ಹೊರಟಿದ್ದೆವೋ ಅಲ್ಲಿಗೇ ಬಂದು ನಿಂತಿದ್ದೆವು.

ಪಾಸ್ಟರನನ್ನು ಹಿತ್ತಲಿಗೆ ಕರೆದೆ. ಕೀವಾಗಿದೆ, ಈಗಲೇ ಹೊರಡಬೇಕು, ನೀನು ಒಂದು ಮಾತು ಹೇಳಿದರೆ ಆಕೆ ಏಳುತ್ತಾಳೆ ಎಂದೆ.

ಅವನು ನನ್ನ ಮುಖ ನೋಡಲಿಲ್ಲ. "ಏನಂತ ಹೇಳ್ಲಿ?"

"ಆಪರೇಷನ್ ಆಗಿತ್ತು, ಔಷಧಿ ಬೇಕು ಅಂತ ಹೇಳು."

"ಡಾಕ್ಟರ ಕೈಲಿ ದೇವರೇ ಕೆಲಸ ಮಾಡ್ತಾನೆ ಅಂತ ಊರೂರಿಗೆ ಹೋಗಿ ಹೇಳೋನು ನೀನು. ಹಂಗಾದ್ರೆ ದೇವರೇ ಕಣ್ಣು ಕೊಟ್ಟ ಅಂದದ್ದು ಸುಳ್ಳು ಹೆಂಗಾಯ್ತು ಹೇಳಲೇ."

"ಸುಳ್ಳಾಗಿದ್ದು ಅದಲ್ಲ. ಬಾಟಲಿ ಮೇಜಿನ ಮೇಲೆ ಉಳಿದದ್ದು."

"ಇವತ್ತೊಂದು ದಿನ ಕೊಡು. ಸಂಜೆವರೆಗೆ. ಇವತ್ತು ನಾನು ಹಿಂಗಂದೆ ಅಂದ್ರೆ ಮುಂದಿನ ಭಾನುವಾರ ನಾನು ಯಾರ ಮುಂದೆ ನಿಂತ್ಕಳ್ಳಿ?" ಅವನ ದನಿಯಲ್ಲಿ ಮೋಸವಿರಲಿಲ್ಲ, ಹೆದರಿಕೆ ಇತ್ತು. ಮೋಸವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ನೀನೂ ಅವತ್ತು ಹೌದು ಅಂದೀಯ, ಮರೀಬೇಡ," ಎಂದ.

ಹನ್ನೊಂದು ದಿನ ಬೆಂಚಿನ ಮೇಲೆ ಕೂತವನು ಅದೇ ದನಿಯಲ್ಲಿ ಹೇಳಿದ. ಅವನ ಜೇಬಿನಿಂದ ನನ್ನ ಚೀಟಿಯ ಮೂಲೆ ಕಾಣುತ್ತಿತ್ತು. ನಾನು ಕೈ ಚಾಚಿದೆ. ಸ್ವಲ್ಪ ಹೊತ್ತು ಬಿಟ್ಟು ಕೊಟ್ಟ.

ಆಸ್ಪತ್ರೆಯಲ್ಲಿ ಇಂಥ ಹೊತ್ತಿಗೆ ಮಾಡಬೇಕಾದ್ದಕ್ಕೆ ಒಂದು ಪಟ್ಟಿ ಇದೆ, ಗೋಡೆಗೆ ಅಂಟಿಸಿದ್ದೇವೆ. ಒಪ್ಪದ ರೋಗಿಯನ್ನು ಏನು ಮಾಡಬೇಕೆಂಬುದಕ್ಕೆ ಅದರಲ್ಲಿರುವುದು ಒಂದೇ ಸಾಲು: ನಿರಾಕರಣೆಯ ಸಹಿ ಪಡೆಯಿರಿ. ಸಹಿಯ ಸಹವಾಸ ನನಗೆ ಸಾಕಾಗಿತ್ತು. ಜಗ್ಗಿ ಎಬ್ಬಿಸುವಂತಿಲ್ಲ, ಅಲ್ಲಿದ್ದ ಹೆಂಗಸರು ಬಿಡುತ್ತಲೂ ಇರಲಿಲ್ಲ. ವಾದ ಮಾಡಿದರೆ ನಂಬಿಕೆಯಿಲ್ಲದವನ ವಾದವಾಗುತ್ತದೆ. ಆದರೆ ನಮ್ಮ ಪ್ರಾರ್ಥನೆಯಲ್ಲಿ ಒಂದು ರೂಢಿ ಇದೆ. ಯಾರಾದರೂ ಎದ್ದು "ನನಗೊಂದು ಸಾಕ್ಷಿ ಐತೆ" ಎಂದರೆ, ಪಾಸ್ಟರನೂ ಸುಮ್ಮನಿದ್ದು ಕೇಳಬೇಕು. ದೇವರು ತನಗೆ ಮಾಡಿದ್ದನ್ನು ಹೇಳುವವನ ಬಾಯಿ ಮುಚ್ಚಿಸುವ ಅಧಿಕಾರ ಯಾರಿಗೂ ಇಲ್ಲ.

ಒಳಗೆ ಹೋಗಿ ಚಾಪೆಯ ಅಂಚಿನಲ್ಲಿ ನಿಂತು, ನನಗೊಂದು ಸಾಕ್ಷಿ ಇದೆ ಎಂದೆ.

ಹೆಂಗಸರು ತಲೆಯ ಮೇಲೆ ಸೆರಗು ಸರಿಮಾಡಿಕೊಂಡರು. ಪಾಸ್ಟರ್ ಬಾಗಿಲಲ್ಲಿ ನಿಂತ. ನಾನು ಚೀಟಿ ತಿರುಗಿಸಿ ಎರಡನೆಯ ಪುಟ ಓದಿದೆ. ಎಡಗಣ್ಣು. ಶನಿವಾರ ಬೆಳಿಗ್ಗೆ. ಮರಗಟ್ಟಿಸುವ ಸೂಜಿ, ಹತ್ತು ನಿಮಿಷದ ಒತ್ತಡ. ಗಾಯದ ಅಳತೆ. ಪೊರೆ ಪೂರ್ತಿ ಹೊರಬಂದಿದೆ. ಲೆನ್ಸ್ ಇಪ್ಪತ್ತೊಂದೂವರೆ. ತೊಡಕಿಲ್ಲ. ಭಾನುವಾರ ಬೆಳಿಗ್ಗೆ ಏಳು ಗಂಟೆ: ಆರು ಬೈ ಹದಿನೆಂಟು. ಅಂಥ ಸಾಕ್ಷಿಯನ್ನು ಆ ಮನೆ ಹಿಂದೆ ಕೇಳಿರಲಾರದು. ಆದರೂ ಲೆನ್ಸಿನ ಶಕ್ತಿ ಹೇಳಿದಾಗ ಒಬ್ಬ ಮುದುಕಿ ರೂಢಿಯಂತೆ "ಸ್ತೋತ್ರ" ಎಂದಳು. ಸರಿಯಾದ ಜಾಗದಲ್ಲೇ ಎಂದಳು ಅನ್ನಿಸಿತು.

ಆಮೇಲೆ ಹೇಳಿದೆ: ಭಾನುವಾರ ಈ ಹಾಳೆಯ ಒಂದು ಮಗ್ಗುಲು ಓದಿದರು, ನಾನು ಹೌದು ಎಂದೆ. ಅದು ಅರ್ಧ ಸತ್ಯ. ಉಳಿದರ್ಧವನ್ನು ನುಂಗಿದವನು ನಾನು. ಏಳು ಗಂಟೆಗೆ ವಾರ್ಡಿನಲ್ಲಿ ದೇವರು ಏನು ಮಾಡಿದನೆಂದು ನಾನು ಕಣ್ಣಾರೆ ಕಂಡಿದ್ದೆ; ಹತ್ತು ಗಂಟೆಗೆ ಅದನ್ನು ಹೇಳಲು ನಾಚಿದೆ. ಆ ಕುರುಡನಿಗೂ ಸ್ವಾಮಿ ಮಣ್ಣು ಹಚ್ಚಿ ಸುಮ್ಮನೆ ಬಿಡಲಿಲ್ಲ. ಹೋಗಿ ತೊಳಕೋ ಎಂದರು, ಅವನು ಹೋಗಿ ತೊಳೆದುಕೊಂಡ. ನಾವು ಕೊಟ್ಟ ಹನಿ ಆ ತೊಳೆಯುವ ನೀರು ಅವ್ವಾ. ಅದನ್ನು ನಿನ್ನ ಕೈಯಿಂದ ತಪ್ಪಿಸಿದ್ದು ದೇವರಲ್ಲ, ನಾವಿಬ್ಬರು.

ಇಷ್ಟು ಉದ್ದ ನಾನು ಎಂದೂ ಮಾತಾಡಿದವನಲ್ಲ.

ಬಾಗಿಲಿನಿಂದ ಪಾಸ್ಟರ್ ಮೆಲ್ಲಗೆ, "ನಂಬಿಕೆ ಇಲ್ದೋರು ಮಧ್ಯ ಬಂದ್ರೆ ಅದ್ಭುತ ಅಲ್ಲಿಗೇ ನಿಲ್ತೈತೆ" ಎಂದ. ನನಗೆ ಹೇಳಿದನೋ, ಹೆಂಗಸರಿಗೋ, ತನಗೇ ಹೇಳಿಕೊಂಡನೋ ತಿಳಿಯಲಿಲ್ಲ.

ಆಕೆ ಒಂದೇ ಕಣ್ಣಲ್ಲಿ ಅವನ ಕಡೆ ತಿರುಗಿದಳು.

"ಅಯ್ಯನೋರೇ, ಬೆಳಗ್ಗೇನೇ ಕಂಡಿತ್ತು ಅಂತ ಹೇಳಾಕೆ ನಾನು ಬಾಯಿ ಬಿಟ್ಟೆ. ನೀವು ಮೈಕ್ ತಗಂಡ್ರಿ."

ಆಕೆ ನೆಲಕ್ಕೆ ಕೈಯೂರಿ ಎದ್ದಳು. "ಸೆರಗು ಕೊಡೇ" ಎಂದು ಸೊಸೆಯ ಸೆರಗು ಹಿಡಿದುಕೊಂಡು ಚಪ್ಪಲಿ ಹುಡುಕತೊಡಗಿದಳು.

ಚಳ್ಳಕೆರೆಯಲ್ಲಿ ಜೀಪು ನಿಂತಿತು. ಅಲ್ಲಿ ಡಾಕ್ಟರಮ್ಮ ಕಾದಿದ್ದು, ಬಾಗಿಲಲ್ಲೇ ನೋಡಿ, ಪತ್ರ ಕೊಟ್ಟು ಕಳಿಸಿದರು. ಚಿತ್ರದುರ್ಗ ದಾಟಿದ ಮೇಲೆ ಆಕೆ ಇದ್ದಕ್ಕಿದ್ದಂತೆ ಹೇಳಿದಳು:

"ಸ್ವಾಮಿ ಕಣ್ಣು ಕೊಟ್ಟ. ನೀನು ಹನಿ ಕೊಟ್ಟೆ, ಹಾಕ್ಕಂಡ್ನೋ ಇಲ್ವೋ ನೋಡ್ಲಿಲ್ಲ. ನಾನು ಬೂದಿ ಹಚ್ಚಿದೆ. ಮೂರು ಜನದಾಗೆ ಒಬ್ಬನೇ ಸರಿಯಾಗಿ ಕೆಲ್ಸ ಮಾಡಿದ್ದು ನಾಯನಾ."

ಪಾಸ್ಟರನನ್ನು ಆಕೆ ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾನು ಆ ಲೆಕ್ಕದಲ್ಲಿ ಇದ್ದೆ. ಅದನ್ನು ಗೌರವವೆಂದೇ ಸ್ವೀಕರಿಸಿದೆ.

ದಾವಣಗೆರೆಯಲ್ಲಿ ಆ ಮಧ್ಯಾಹ್ನವೇ ಕಣ್ಣೊಳಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿ, ಔಷಧಿಯ ಸೂಜಿಯನ್ನು ಕಣ್ಣೊಳಕ್ಕೇ ಕೊಟ್ಟರು. ಎರಡು ದಿನ ಬಿಟ್ಟು ಮತ್ತೊಂದು. ಕೀವು ಇಳಿಯಿತು, ನೋವು ಹೋಯಿತು, ಗುಡ್ಡೆ ಉಳಿಯಿತು. ಬುಧವಾರ ಸಂಜೆಯೇ ಬಂದಿದ್ದರೆ ಎಂದು ಅಲ್ಲಿನ ಡಾಕ್ಟರು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಅದರ ಮುಂದಿನ ಭಾನುವಾರ ಪಾಸ್ಟರ್ ಪ್ರಸಂಗದಲ್ಲಿ ಸಂದೇಹವೆಂಬ ಹುಳುವಿನ ಬಗ್ಗೆ ಮಾತಾಡಿದನಂತೆ. ಬಂದ ಕಣ್ಣು ಒಬ್ಬರ ಅಪನಂಬಿಕೆಯಿಂದ ಹೋಯಿತು ಎಂದನಂತೆ. ಹೆಸರು ಹೇಳಲಿಲ್ಲವಂತೆ, ಆದರೆ ಚಳ್ಳಕೆರೆಯ ಸಭೆಯಲ್ಲಿ ಕಣ್ಣಿನ ಆಸ್ಪತ್ರೆಯವನು ನಾನೊಬ್ಬನೇ. ಮಂದಿರಕ್ಕೆ ಜನ ಚೆನ್ನಾಗಿಯೇ ಬರುತ್ತಿದ್ದಾರೆಂದು ಕೇಳಿದ್ದೇನೆ. ನಾನು ಎರಡು ತಿಂಗಳು ಭಾನುವಾರಗಳಲ್ಲಿ ಮನೆಯಲ್ಲಿದ್ದೆ. ಆಮೇಲೆ ಹೆಂಡತಿಯ ಜೊತೆ ಇನ್ನೊಂದು ಸಭೆಗೆ ಹೋಗತೊಡಗಿದೆ. ಅಲ್ಲಿ ಹಾಡು ನಿಧಾನ, ಪ್ರಸಂಗ ಇನ್ನೂ ನಿಧಾನ. ಅವನು ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾನೆ. "ಹೆಂಗಿದೀಯಲೇ" ಅನ್ನುತ್ತಾನೆ. "ಇದೀನಿ" ಅನ್ನುತ್ತೇನೆ. ಬೆಂಚಿನ ಹನ್ನೊಂದು ದಿನಗಳನ್ನು ನಾನು ಇನ್ನೂ ಯಾವ ಖಾನೆಗೂ ಸೇರಿಸಲಾರದೆ ಇಟ್ಟುಕೊಂಡಿದ್ದೇನೆ.

ಶಿಬಿರದ ಕೊನೆಯ ಎರಡು ನಿಮಿಷದ ಭಾಷಣವನ್ನು ಬಿಟ್ಟಿದ್ದೇನೆ. ಅದರ ಬದಲು ಎರಡು ನಿಮಿಷ ಹನಿ ಹಾಕುವುದನ್ನು ತೋರಿಸುತ್ತೇನೆ. ಮೊಳಕಾಲ್ಮುರಿನಲ್ಲಿ ಬೂದಿ ಎಂಬ ಪದವನ್ನು ಮೂರು ಸಲ ಹೇಳುತ್ತೇನೆ, ತೆಲುಗಿನಲ್ಲಿ ಇನ್ನೊಂದು ಸಲ.

ಎಂಟು ತಿಂಗಳ ನಂತರ ಆಕೆಯ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ಬೆಳಿಗ್ಗೆ ಏಳಕ್ಕೆ ವಾರ್ಡಿನಲ್ಲಿ ಪಟ್ಟಿ ಬಿಚ್ಚಿದಾಗ ಡಾಕ್ಟರಮ್ಮ, ಸೊಸೆ ಮತ್ತು ನಾನು ಇದ್ದೆವು. ಆರು ವಾರ ಹನಿ ತಪ್ಪಲಿಲ್ಲ. ಆರು ವಾರವಾದ ಮೇಲೆ ಕನ್ನಡಕ ಕೊಟ್ಟು, ರಟ್ಟು ತೋರಿಸಿದೆ. ಹದಿನಾಲ್ಕು ಸುತ್ತು ಎಂದಳು. ಹದಿನಾಲ್ಕೇ ಇತ್ತು. ಬಲಗಣ್ಣು ಆರು ಬೈ ಒಂಬತ್ತು. ಎಡಗಣ್ಣಿಗೆ ಬೆಳಕು ಮಾತ್ರ ತಿಳಿಯುತ್ತದೆ.